ಆಯಿಲ್ ಏರಿದ್ದೇಕೆ, ಹಾಲಾದದ್ದೇಕೆ?

ವಾಹನ ಮತ್ತು ಯಂತ್ರ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನನ್ನದು 2021ರ ಡೀಸೆಲ್ ಕಾರು. ಪೇಟೆಗೆ, ಮಕ್ಕಳ ಶಾಲೆಗೆ ಎಂದು ದಿನಕ್ಕೆ ನಾಲ್ಕೈದು ಕಿಲೋಮೀಟರ್ ಓಡಿದರೆ ಹೆಚ್ಚು. ಸರ್ವಿಸ್ ಮಾಡಿಸಿ ಆರು ತಿಂಗಳೂ ಆಗಿಲ್ಲ, ಡಿಪ್‌ಸ್ಟಿಕ್ ಎಳೆದು ನೋಡಿದರೆ ಆಯಿಲ್ ಮೇಲಿನ ಗುರುತನ್ನು ದಾಟಿ ನಿಂತಿದೆ. ಯಾರೂ ಆಯಿಲ್ ಹಾಕಿಲ್ಲ. ಹೆಚ್ಚಾದದ್ದನ್ನು ತೆಗೆದರೆ ಸಾಕೇ? (ಬದಿಯಡ್ಕ)

ಉತ್ತರ: ಸಾಲದು. ನೀವು ಹೇಳುವ ಓಡಾಟ ನೋಡಿದರೆ ಆಯಿಲ್ ಚೇಂಬರಿಗೆ ಇಳಿದಿರುವುದು ಡೀಸೆಲ್. 2020ರ ಏಪ್ರಿಲಿನಲ್ಲಿ ವಾಹನಗಳ ಹೊಗೆಗೆ ಮಿತಿ ಹಾಕುವ ಬಿಎಸ್ 6 ನಿಯಮ ಬಂದ ಮೇಲೆ ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿ ಹಿಡಿದಿಡುವ ಡಿಪಿಎಫ್ ಎಂಬ ಫಿಲ್ಟರ್ ಇರುತ್ತದೆ. ಅದರಲ್ಲಿ ಮಸಿ ತುಂಬುತ್ತಾ ಬಂದಾಗ ಗಾಡಿ ತಾನಾಗಿಯೇ ಅದನ್ನು 600 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಕಾಯಿಸಿ ಸುಟ್ಟುಬಿಡುತ್ತದೆ. ಅಷ್ಟು ಬಿಸಿ ಬರಬೇಕಾದರೆ ಇಂಜೆಕ್ಟರುಗಳು ತಡವಾಗಿ ಇನ್ನೊಂದಿಷ್ಟು ಡೀಸೆಲ್ ಚಿಮ್ಮಿಸಬೇಕು. ಹಲವು ಎಂಜಿನ್‌ಗಳು ಇದನ್ನು ಸಿಲಿಂಡರಿನೊಳಕ್ಕೇ ಚಿಮ್ಮಿಸುತ್ತವೆ. ಅದರಲ್ಲಿ ಸ್ವಲ್ಪ ಉರಿಯದೆ ಸಿಲಿಂಡರಿನ ಗೋಡೆಯಲ್ಲಿ ಜಾರಿ, ರಿಂಗುಗಳ ಸಂದಿನಿಂದ ಆಯಿಲಿಗೆ ಸೇರುತ್ತದೆ. ಸುಡುವ ಕೆಲಸ ಮುಗಿಯುವ ಮೊದಲೇ ಶಾಲೆಯ ಗೇಟಿನ ಮುಂದೆ ನೀವು ಕೀ ತಿರುಗಿಸುತ್ತೀರಿ. ಮರುದಿನ ಮೊದಲಿನಿಂದ ಶುರು, ಮತ್ತೆ ಡೀಸೆಲ್.

ಖಚಿತಪಡಿಸಿಕೊಳ್ಳಲು ಸುಲಭದ ದಾರಿ: ಡಿಪ್‌ಸ್ಟಿಕ್ಕಿನ ಒಂದು ತೊಟ್ಟನ್ನು ಬಿಳಿ ಕಾಗದದ ಮೇಲೆ ಬಿಟ್ಟು ಗಂಟೆ ಎರಡು ಗಂಟೆ ಬಿಡಿ. ಡೀಸೆಲ್ ಬೆರೆತಿದ್ದರೆ ನಡುವಿನ ಕಪ್ಪು ಚುಕ್ಕಿಯ ಸುತ್ತ ತೆಳುವಾದ ಎಣ್ಣೆ ಉಂಗುರ ಅಗಲವಾಗಿ ಹರಡುತ್ತದೆ, ವಾಸನೆಯೂ ತಿಳಿಯುತ್ತದೆ. ಹೀಗೆ ತೆಳುವಾದ ಆಯಿಲಿಗೆ ಬೇರಿಂಗುಗಳ ನಡುವೆ ನಿಲ್ಲುವ ಬಲ ಇರುವುದಿಲ್ಲ. ಟರ್ಬೊ ಇದ್ದರಂತೂ ಮೊದಲ ಏಟು ಅದಕ್ಕೇ. ಮಟ್ಟ ತುಂಬಾ ಏರಿದರೆ ಕ್ರ್ಯಾಂಕ್ ಆಯಿಲನ್ನು ಕಡೆದು ನೊರೆ ಮಾಡುತ್ತದೆ, ಒತ್ತಡ ಬೀಳುತ್ತದೆ. ಆದ್ದರಿಂದ ಒಂದು ಲೋಟ ಹೀರಿ ತೆಗೆಯುವ ಉಪಾಯ ಬೇಡ. ಆಯಿಲ್, ಫಿಲ್ಟರ್ ಎರಡನ್ನೂ ಪೂರ್ತಿ ಬದಲಿಸಿ. ಬದಲಿಸಿದ ಮೇಲೂ ಬೇಗನೆ ಏರಿದರೆ ಇಂಜೆಕ್ಟರ್ ಸೋರುತ್ತಿದೆಯೇ ಎಂದು ಪರೀಕ್ಷೆ ಮಾಡಿಸಿ.

ಆಯಿಲ್ ಆರಿಸುವಾಗ ಎಚ್ಚರ. ಲಾರಿಗಳಿಗೆ ಹಾಕುವ ಸಿಐ-4 ದರ್ಜೆಯ ಆಯಿಲ್ ಹಳೆಯ ಜೀಪಿಗೆ ಚೆನ್ನ, ನಿಮ್ಮ ಕಾರಿಗೆ ಆಗದು. ಅದು ಉರಿದಾಗ ಉಳಿಯುವ ಬೂದಿ, ಮಸಿಯ ಹಾಗೆ ಸುಟ್ಟು ಹೋಗುವುದಿಲ್ಲ, ಫಿಲ್ಟರಿನಲ್ಲೇ ಕಟ್ಟಿಕೊಳ್ಳುತ್ತದೆ. ಗಾಡಿಯ ಕೈಪಿಡಿಯಲ್ಲಿ ಹೇಳಿದ ಕಡಿಮೆ ಬೂದಿಯ ಆಯಿಲನ್ನೇ ಕೇಳಿ. ಡಬ್ಬಿಯ ಮೇಲೆ ಎಸಿಇಎ (ಯುರೋಪಿನ ದರ್ಜೆ) ಸಿ2, ಸಿ3 ಎಂಬಂತಹ ಗುರುತು ಇರುತ್ತದೆ. ಇದರ ಜೊತೆಗೆ ವಾರಕ್ಕೊಮ್ಮೆ ಕಾರನ್ನು ಕುಂಬಳೆಗೆ ಇಳಿಸಿ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ತಲಪಾಡಿ ಕಡೆಗೆ ಓಡಿಸಿ, 60-70ರ ವೇಗದಲ್ಲಿ, ನಡುವೆ ನಿಲ್ಲಿಸದೆ ಅರ್ಧ ಗಂಟೆ. ಡಿಪಿಎಫ್ ದೀಪ ಉರಿಯುತ್ತಿರುವಾಗ ಎಂಜಿನ್ ಆಫ್ ಮಾಡಲೇಬೇಡಿ. ನಿಮ್ಮಷ್ಟು ಕಡಿಮೆ ಓಡಾಟಕ್ಕೆ ಡೀಸೆಲ್ ಕಾರು ಕೊಂಡದ್ದೇ ಸರಿಯಲ್ಲ, ಆದರೆ ಅದನ್ನು ಈಗ ಹೇಳಿ ಪ್ರಯೋಜನವಿಲ್ಲ.

ಪ್ರಶ್ನೆ: ಅಡಿಕೆಗೆ ಮದ್ದು ಬಿಡುವ ಮೂರು ಪಿಸ್ಟನಿನ ಪಂಪಿನ ಆಯಿಲ್ ಹಾಲಿನಂತೆ ಬೆಳ್ಳಗಾಗಿದೆ. ಹೋದ ಮಳೆಗಾಲದಲ್ಲೇ ಹೊಸ ಆಯಿಲ್ ಹಾಕಿದ್ದು. ಆಯಿಲ್ ಕಳಪೆಯದ್ದೇ? (ಪೆರ್ಲ)

ಉತ್ತರ: ಆಯಿಲಿನ ತಪ್ಪಲ್ಲ, ನೀರು ಸೇರಿದೆ. ಪಂಪಿನಲ್ಲಿ ಒಂದು ಕಡೆ ಕ್ರ್ಯಾಂಕ್ ಮತ್ತು ಆಯಿಲ್, ಇನ್ನೊಂದು ಕಡೆ ಮದ್ದು. ನಡುವೆ ಪ್ಲಂಜರಿನ, ಅಂದರೆ ಮದ್ದನ್ನು ತಳ್ಳುವ ಪಿಸ್ಟನಿನ, ಪ್ಯಾಕಿಂಗ್ ಮತ್ತು ಆಯಿಲ್ ಸೀಲ್. ಪ್ಯಾಕಿಂಗ್ ಸವೆದರೆ ಮದ್ದು ಹೊರಗೆ ತೊಟ್ಟಿಕ್ಕುತ್ತದೆ. ಸೀಲೂ ಹೋಗಿದ್ದರೆ ಪ್ಲಂಜರಿನ ಜೊತೆಯಲ್ಲೇ ಒಳಗೆ ಬರುತ್ತದೆ. ಅಡಿಕೆಗೆ ಬಿಡುವ ಬೋರ್ಡೋ ಮದ್ದು ಸಾಮಾನ್ಯ ನೀರಲ್ಲ ಎಂಬುದು ನೆನಪಿರಲಿ. 100 ಲೀಟರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ತಾಮ್ರದ ಅಂಶ ಕಬ್ಬಿಣವನ್ನು ತಿನ್ನುತ್ತದೆ, ಸೋಸದ ಸುಣ್ಣದ ಹರಳು ಪ್ಲಂಜರಿನ ಮೇಲೆ ಗೀರು ಹಾಕುತ್ತದೆ.

ಆಯಿಲ್ ಪೂರ್ತಿ ಇಳಿಸಿ. ಮೂರೂ ಪ್ಲಂಜರುಗಳ ಪ್ಯಾಕಿಂಗ್ ಮತ್ತು ಆಯಿಲ್ ಸೀಲುಗಳನ್ನು ಒಟ್ಟಿಗೆ ಹಾಕಿಸಿ. ಹಾಳಾದ ಒಂದನ್ನು ಮಾತ್ರ ಬದಲಿಸಿದರೆ ಕೊಳೆರೋಗದ ಎರಡನೇ ಮದ್ದಿನ ಹೊತ್ತಿಗೆ ಉಳಿದೆರಡು ಕೈಕೊಡುತ್ತವೆ. ಪ್ಲಂಜರಿನ ಮೇಲೆ ಉಗುರು ಎಳೆದು ನೋಡಿ. ಉಗುರು ಸಿಕ್ಕಿಕೊಳ್ಳುವಷ್ಟು ಗೀರು ಇದ್ದರೆ ಅದನ್ನೂ ಬದಲಿಸಬೇಕು, ಇಲ್ಲವಾದರೆ ಹೊಸ ಪ್ಯಾಕಿಂಗ್ ಬಹಳ ದಿನ ಬಾಳದು. ಸ್ವಲ್ಪ ಹೊಸ ಆಯಿಲ್ ಹಾಕಿ, ಪುಲ್ಲಿಯನ್ನು ಕೈಯಲ್ಲಿ ತಿರುಗಿಸಿ, ಅದನ್ನೂ ಚೆಲ್ಲದೆ ಇಳಿಸಿ; ಆಮೇಲೆ ಕಂಪೆನಿ ಹೇಳಿದ ಗ್ರೇಡಿನ ಆಯಿಲನ್ನು ಗಾಜಿನ ಗುರುತಿನ ನಡುಮಟ್ಟದ ತನಕ ತುಂಬಿ. ಪ್ಲಂಜರಿನ ಮೇಲೆ ಗ್ರೀಸ್ ಕಪ್ ಇರುವ ಪಂಪಾದರೆ ಕೆಲಸದ ನಡುವೆ ಎರಡು ಗಂಟೆಗೊಮ್ಮೆ ಅದರ ಮುಚ್ಚಳವನ್ನು ಎರಡು ಸುತ್ತು ತಿರುಗಿಸಬೇಕು. ಈ ಎರಡು ಸುತ್ತನ್ನು ಮರೆತೇ ಹೆಚ್ಚಿನ ಪಂಪುಗಳು ಹಾಳಾಗುವುದು. ಸಂಜೆ ಒಳ್ಳೆಯ ನೀರಿನಲ್ಲಿ ಐದು ನಿಮಿಷ ಓಡಿಸಿ, ಪೈಪು ಖಾಲಿಯಾದ ಕೂಡಲೇ ನಿಲ್ಲಿಸಿ. ನೀರಿಲ್ಲದೆ ಓಡಿದರೆ ಪ್ಯಾಕಿಂಗ್ ಸುಟ್ಟುಹೋಗುತ್ತದೆ.

ಪ್ರಶ್ನೆ: ಹುಲ್ಲು ಕತ್ತರಿಸುವ ಟೂ ಸ್ಟ್ರೋಕ್ ಯಂತ್ರ ಕೆಲಸದ ನಡುವೆ ಜಾಮ್ ಆಯಿತು. ಪೆಟ್ರೋಲಿಗೆ ಅಂದಾಜಿನಲ್ಲಿ ಆಯಿಲ್ ಹಾಕುತ್ತಿದ್ದೆವು. ರಿಪೇರಿಗೆ ಹಣ ಹಾಕಬಹುದೇ? (ಮುಳ್ಳೇರಿಯ)

ಉತ್ತರ: ಪಿಸ್ಟನ್ ನೋಡದೆ ಹೇಳಲಾಗದು, ನೋಡುವುದು ಕಷ್ಟವೂ ಅಲ್ಲ. ಸೈಲೆನ್ಸರ್ ಬಿಚ್ಚಿದರೆ ಹೊಗೆ ಹೋಗುವ ರಂಧ್ರದಲ್ಲಿ ಪಿಸ್ಟನಿನ ಬದಿ ಕಾಣುತ್ತದೆ. ನುಣ್ಣಗೆ ಹೊಳೆಯುತ್ತಿದ್ದರೆ ಅದೃಷ್ಟ. ಮೇಲಿಂದ ಕೆಳಕ್ಕೆ ಗೀರುಗಳಿದ್ದರೆ ಕಾರ್ಬುರೇಟರ್ ಬಿಚ್ಚಿ ಎದುರು ಬದಿಯನ್ನೂ ನೋಡಿ. ಎರಡೂ ಕಡೆ ಗೀರು ಬಿದ್ದಿದ್ದರೆ ಆಯಿಲ್ ಸಾಲದೆ ಪಿಸ್ಟನ್ ಹಿಡಿದಿದೆ. ಹೊಗೆಯ ಬದಿಯಲ್ಲಿ ಮಾತ್ರ ಇದ್ದರೆ ವಿಪರೀತ ಕಾದಿದೆ: ಸಿಲಿಂಡರಿನ ರೆಕ್ಕೆಗಳ ನಡುವೆ ಹುಲ್ಲು ಕಟ್ಟಿರಬಹುದು, ಅಥವಾ ಎಲ್ಲಿಂದಲೋ ಗಾಳಿ ಎಳೆದು ಪೆಟ್ರೋಲ್ ಕಡಿಮೆ ಹೋಗಿರಬಹುದು. ಗಾಳಿ ಬರುವ ಬದಿಯಲ್ಲಿ ಹೊಳಪು ಹೋಗಿ ಮಂಕಾಗಿ ಸವೆದಿದ್ದರೆ ಏರ್ ಫಿಲ್ಟರ್ ದಾಟಿ ನಮ್ಮ ಕೆಂಪು ಧೂಳು ಒಳಗೆ ಹೋಗಿದೆ. ಸಿಲಿಂಡರಿಗೂ ಗೀರು ಬಿದ್ದಿದ್ದರೆ ಪಿಸ್ಟನ್, ರಿಂಗ್ ಮಾತ್ರ ಹಾಕಿ ಫಲವಿಲ್ಲ, ಸೆಟ್ಟೇ ಬದಲಿಸಬೇಕು. ಅದರ ಬೆಲೆ ಹೊಸ ಯಂತ್ರದ ಅರ್ಧ ದಾಟಿದರೆ ರಿಪೇರಿ ಬೇಡ.

ಮುಂದೆ ಅಂದಾಜು ಬಿಡಿ. ಯಂತ್ರದ ಕೈಪಿಡಿಯಲ್ಲಿ 50ಕ್ಕೆ 1 ಎಂದಿದ್ದರೆ ಲೀಟರ್ ಪೆಟ್ರೋಲಿಗೆ 20 ಮಿಲಿಲೀಟರ್ ಆಯಿಲ್, 25ಕ್ಕೆ 1 ಎಂದಿದ್ದರೆ 40. ಮದ್ದಿನಂಗಡಿಯ ಸಿರಿಂಜು ಸಾಕು. ಟ್ಯಾಂಕಿನಲ್ಲೇ ಬೆರೆಸದೆ ಬೇರೆ ಕ್ಯಾನಿನಲ್ಲಿ ಕುಲುಕಿ ಹಾಕಿ. ಬೇಕಾದದ್ದು ಟೂ ಸ್ಟ್ರೋಕ್ ಆಯಿಲ್, ಜಾಸೊ (ಜಪಾನಿನ ಮಾನದಂಡ) ಎಫ್‌ಸಿ ಅಥವಾ ಎಫ್‌ಡಿ ದರ್ಜೆಯದು. ಕಾರಿನ ಆಯಿಲ್ ಉರಿಯಲೆಂದು ಮಾಡಿದ್ದಲ್ಲ, ಪ್ಲಗ್ಗಿನಲ್ಲಿ ಕರಿ ಕಟ್ಟುತ್ತದೆ. ಈಗಿನ ಎಥೆನಾಲ್ ಬೆರೆತ ಪೆಟ್ರೋಲ್ ತೇವ ಎಳೆದುಕೊಳ್ಳುವುದರಿಂದ ಬೆರೆಸಿದ್ದನ್ನು ತಿಂಗಳಿಗಿಂತ ಹೆಚ್ಚು ಇಡಬೇಡಿ. ಬ್ಲೇಡಿನ ಬಳಿಯ ಗೇರ್ ಹೆಡ್ಡಿಗೆ 25 ಗಂಟೆಗೊಮ್ಮೆ ಲಿಥಿಯಂ ಗ್ರೀಸ್ ಕೊಡಿ.

ಪ್ರಶ್ನೆ: ಬೈಕಿಗೆ ತಂದ ಆಯಿಲನ್ನು ಸ್ಕೂಟರಿಗೆ ಹಾಕಬಹುದೇ? (ಉಪ್ಪಳ)

ಉತ್ತರ: ಗ್ರೇಡ್ ಒಂದೇ ಆಗಿದ್ದರೆ ಹಾಕಬಹುದು, ತೊಂದರೆಯಿಲ್ಲ. ತಿರುಗಿಸಿ ಮಾಡಬಾರದು. ಬೈಕಿನ ಕ್ಲಚ್ಚು ಆಯಿಲಿನಲ್ಲೇ ಮುಳುಗಿರುವುದರಿಂದ ಅದಕ್ಕೆ ಜಾಸೊ ಎಂಎ ಅಥವಾ ಎಂಎ2 ಬೇಕು. ಸ್ಕೂಟರಿನ ಎಂಬಿ ಆಯಿಲ್ ಹಾಕಿದರೆ ಏರಿನಲ್ಲಿ ಕ್ಲಚ್ ಜಾರುತ್ತದೆ. ಸ್ಕೂಟರಿನ ಹಿಂಚಕ್ರದ ಬಳಿ ಬೇರೆಯೇ ಗೇರ್ ಆಯಿಲ್ ಇದೆ, ಕೇಳದಿದ್ದರೆ ವರ್ಕ್‌ಶಾಪಿನಲ್ಲಿ ಅದನ್ನು ಮುಟ್ಟುವವರು ಕಡಿಮೆ.

ಪ್ರಶ್ನೆ: ಅಡಿಕೆ ಸುಲಿಯುವ ಯಂತ್ರದ ಚೈನಿಗೆ ತೆಂಗಿನೆಣ್ಣೆ ಸಾಕಲ್ಲವೇ? ಜೀಪಿನ ಕರಿ ಆಯಿಲನ್ನು ಗೆದ್ದಲಿಗೆ ಬಳಸಬಹುದೇ? (ಬಾಯಾರು)

ಉತ್ತರ: ತೆಂಗಿನೆಣ್ಣೆ 25 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ, ದಿನ ಹೋದಂತೆ ಅಂಟಾಗಿ ಧೂಳು ಹಿಡಿಯುತ್ತದೆ. ಚೈನಿಗೆ ಚೈನ್ ಆಯಿಲನ್ನೇ ಹಾಕಿ, ಅಡಿಕೆಗೆ ತಾಗದ ಹಾಗೆ ಒರೆಸಿ. ಕರಿ ಆಯಿಲನ್ನು ಮಣ್ಣಿಗಾಗಲಿ ತೋಡಿಗಾಗಲಿ ಬಿಡಬೇಡಿ, ಅದರಲ್ಲಿ ಸವೆದ ಲೋಹದ ಅಂಶಗಳಿರುತ್ತವೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಲ್ಲಿ ಅದಕ್ಕೂ ಜಾಗವಿದೆ. ನೀರು, ಪೆಟ್ರೋಲ್ ಬೆರೆಸದೆ ಮುಚ್ಚಳವಿರುವ ಕ್ಯಾನಿನಲ್ಲಿಟ್ಟು, ಹಳೆ ಆಯಿಲನ್ನು ಅನುಮತಿ ಇರುವ ಘಟಕಕ್ಕೆ ಕೊಡುವ ವರ್ಕ್‌ಶಾಪಿಗೆ ತಲುಪಿಸಿ. ಹಳೆಯ ಫಿಲ್ಟರನ್ನು ಒಂದು ರಾತ್ರಿ ಬೋರಲು ಇಟ್ಟರೆ ಅದರಲ್ಲಿ ಉಳಿದದ್ದೂ ಅದೇ ಕ್ಯಾನಿಗೆ ಬಸಿಯುತ್ತದೆ.