‘ನೋಡೋಣ ಸರ್’ ಅನ್ನಬೇಡಿ

ಪ್ರಶ್ನೆ: ಪೀಣ್ಯದಲ್ಲಿ ಎರಡು ಸಿಎನ್‌ಸಿ ಲೇತ್ (ಕಂಪ್ಯೂಟರ್‌ನಿಂದ ನಡೆಯುವ, ಲೋಹ ಕಡೆಯುವ ಮಷಿನ್) ಇಟ್ಟುಕೊಂಡಿದ್ದೇನೆ. ಒಂದು ಪಾರ್ಟಿ, ಅಂದರೆ ಗಿರಾಕಿ, ವಾರಕ್ಕೊಂದು ಹೊಸ ಡ್ರಾಯಿಂಗ್ ಕಳಿಸುತ್ತಾರೆ, ಪ್ರತಿ ಸಲವೂ 20 ಪೀಸ್. ದುಡ್ಡು 90 ದಿನಕ್ಕೆ. ಪರಿಚಯದವರ ಮೂಲಕ ಬಂದವರು, ಬೇಡ ಅನ್ನಲು ಮನಸ್ಸಾಗುತ್ತಿಲ್ಲ. ಏನು ಮಾಡಲಿ?

ಈ ತಿಂಗಳು ಇಂಥದ್ದೇ ಪ್ರಶ್ನೆ ನಾಲ್ಕನೇ ಸಲ ಬರುತ್ತಿದೆ. ಎಲ್ಲರೂ ದಾಕ್ಷಿಣ್ಯದ ಬಗ್ಗೆ ಬರೆಯುತ್ತಾರೆ. ಮಷಿನ್ ಲೆಕ್ಕ ಒಬ್ಬರೂ ಹಾಕಿಲ್ಲ. ಸೆಟಿಂಗ್‌ಗೆ, ಅಂದರೆ ಹೊಸ ಡ್ರಾಯಿಂಗ್‌ಗೆ ಮಷಿನ್ ಹೊಂದಿಸುವುದಕ್ಕೆ ಮೂರು ಗಂಟೆ, ಪೀಸ್‌ಗೆ ಆರು ನಿಮಿಷ ಅಂತಿಟ್ಟುಕೊಳ್ಳಿ. 20 ಪೀಸ್ ಎರಡೇ ಗಂಟೆಯಲ್ಲಿ ಮುಗಿಯುತ್ತದೆ. ಎರಡು ಗಂಟೆ ಕೆಲಸಕ್ಕೆ ಮೂರು ಗಂಟೆ ಸೆಟಿಂಗ್! ಅದೇ ಸೆಟಿಂಗ್‌ನಲ್ಲಿ 500 ಪೀಸ್ ಓಡಿಸಿದರೆ 50 ಗಂಟೆ ದುಡಿಮೆ. ಪಾರ್ಟಿ ಕೆಟ್ಟವರೇನಲ್ಲ. ಸಣ್ಣ ಲಾಟ್‌ಗೆ ಟೂಲ್‌ರೂಮ್‌ಗಳಿವೆ (ಕೆಲವೇ ಪೀಸ್ ಮಾಡಿಕೊಡುವ ವರ್ಕ್‌ಶಾಪ್‌ಗಳು), ಅವರು ಹೋಗಬೇಕಾದ್ದು ಅಲ್ಲಿಗೆ.

ಇನ್ನು 90 ದಿನದ ವಿಷಯ. ಶೇ 18ರ ಜಿಎಸ್‌ಟಿ ಇದ್ದರೆ 2 ಲಕ್ಷದ ಬಿಲ್‌ಗೆ 36,000 ರೂಪಾಯಿ ತೆರಿಗೆ. ತಿಂಗಳಿಗೊಮ್ಮೆ ರಿಟರ್ನ್ ಹಾಕುವವರು ಇನ್‌ಪುಟ್ ಕ್ರೆಡಿಟ್ (ನೀವು ಖರೀದಿಯಲ್ಲಿ ಆಗಲೇ ಕೊಟ್ಟ ಜಿಎಸ್‌ಟಿ) ಕಳೆದು ಉಳಿದದ್ದನ್ನು ಮುಂದಿನ ತಿಂಗಳ 20ರೊಳಗೆ ಕಟ್ಟಬೇಕು. ಪಾರ್ಟಿ ದುಡ್ಡು ಕೊಟ್ಟರಾ ಅಂತ ಯಾರೂ ಕೇಳುವುದಿಲ್ಲ. ಉದ್ಯಮ್ ನೋಂದಣಿ ಇರುವ ಸಣ್ಣ ಘಟಕಕ್ಕೆ 2006ರ ಎಂಎಸ್‌ಎಂಇಡಿ ಕಾಯ್ದೆಯ (ಸಣ್ಣ ಉದ್ದಿಮೆಗಳ ಕಾಯ್ದೆ) ಬಲ ಇದೆ. ನೀವೇ ಒಪ್ಪಿ ಸಹಿ ಹಾಕಿದ್ದರೂ ಪಾರ್ಟಿ ದುಡ್ಡು ಕೊಡುವುದು 45 ದಿನ ಮೀರುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಆದರೆ ದೂರು ಕೊಟ್ಟು ವಸೂಲಾಗುವ ತನಕ ಆಪರೇಟರ್ ಸಂಬಳ ಕಾಯುತ್ತದಾ?

‘ಬೇಡದ ಪಾರ್ಟಿಗೆ ಮೂರು ಪಟ್ಟು ರೇಟ್ ಹೇಳಿ, ತಾನಾಗಿ ಹೋಗ್ತಾನೆ’ ಅಂತ ಸೆಮಿನಾರ್‌ಗಳಲ್ಲಿ ಫೀಸು ತಗೊಂಡು ಕಲಿಸುತ್ತಾರೆ. ಇದನ್ನು ಕೇಳಿ ಕೆಟ್ಟವರನ್ನು ಕಂಡಿದ್ದೇನೆ. ಅವರು ಒಪ್ಪಿಬಿಟ್ಟರೆ ನೀವು ಸಿಕ್ಕಿಹಾಕಿಕೊಂಡಂತೆ. ರೇಟ್ ಜಾಸ್ತಿ ಆಗಿರುತ್ತದೆ, 90 ದಿನ ಹಾಗೇ ಇರುತ್ತದೆ.

ಬೇಡ ಅನ್ನುವುದನ್ನು ಪಾರ್ಟಿ ಕಳಿಸುವ ಮೆಟೀರಿಯಲ್ ನಿಮ್ಮ ಶೆಡ್‌ಗೆ ಇಳಿಯುವ ಮೊದಲೇ ಹೇಳಿ. ಒಂದು ಶೆಡ್‌ನ ಮೂಲೆಯಲ್ಲಿ ಗೋಣಿಚೀಲ ಹೊದಿಸಿದ ಎಂಎಸ್ (ಮೈಲ್ಡ್ ಸ್ಟೀಲ್) ರಾಡ್‌ಗಳನ್ನು ನೋಡಿದ್ದೆ. ಪಕ್ಕದ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಪಾರ್ಟಿ ಹೆಸರು. ಆಗಲ್ಲ ಅನ್ನಲಾಗದೆ ಮಾಲೀಕರು ‘ನೋಡೋಣ ಸರ್’ ಅಂದಿದ್ದರು. ಏಳು ತಿಂಗಳಲ್ಲಿ ರಾಡ್ ತುಕ್ಕು ಹಿಡಿಯಿತು. ಪಾರ್ಟಿ ಅದರ ದುಡ್ಡು ಕೇಳಲು ಬಂದರು.

ಮೊದಲು ಫೋನ್ ಮಾಡಿ, ಆಮೇಲೆ ವಾಟ್ಸಾಪ್‌ನಲ್ಲೂ ಹಾಕಿ: ‘ಸರ್, ಇನ್ಮೇಲೆ 200 ಪೀಸ್‌ಗಿಂತ ಕಮ್ಮಿ ಲಾಟ್ ತಗೊಳ್ತಾ ಇಲ್ಲ. ಕೈಯಲ್ಲಿರೋ ಆರ್ಡರ್ ಶುಕ್ರವಾರ ಕೊಡ್ತೀನಿ. ಮುಂದಿನದಕ್ಕೆ ಬೇರೆ ಕಡೆ ನೋಡ್ಕೊಳ್ಳಿ.’ ಕಾರಣ ಒಂದೇ ಇರಲಿ. ಮೂರು ಹೇಳಿದರೆ ಮೂರಕ್ಕೂ ಚೌಕಾಸಿ ಶುರುವಾಗುತ್ತದೆ. ಪರಿಚಯ ಮಾಡಿಸಿದವರಿಗೂ ನೀವೇ ತಿಳಿಸಿ. ಬೇರೆಯವರ ಬಾಯಿಂದ ಕೇಳಿದರೆ ಬೇಜಾರಾಗುತ್ತದೆ, ಅಲ್ವಾ?

ಪ್ರಶ್ನೆ: ಮನೆಗೆ ಬಂದ ಲಕ್ಷ್ಮಿಯನ್ನು ಬೇಡ ಅನ್ನಬಾರದು ಅಂತಾರಲ್ಲ?

ನಿಮ್ಮ ಬಾಗಿಲಿಗೆ ಬಂದಿರುವುದು ಸದ್ಯಕ್ಕೆ ಬರೀ ಡ್ರಾಯಿಂಗ್. ಅಡ್ವಾನ್ಸ್ ಕೇಳಿ ನೋಡಿ.

ಪ್ರಶ್ನೆ: ನನಗಿರುವುದೇ ಒಂದು ಪಾರ್ಟಿ, ಅವರೂ ಹೀಗೇ. ನಾಳೆಯೇ ಬಿಟ್ಟುಬಿಡಲಾ?

ಬೇಡವೇ ಬೇಡ. ಇನ್ನೊಂದು ಪಾರ್ಟಿ ಹಿಡಿಯಿರಿ. ಅವರಿಂದ ಎರಡು ಬಿಲ್ ದುಡ್ಡು ಬ್ಯಾಂಕಿಗೆ ಬಿದ್ದ ಮೇಲೆ ಇವರಿಗೆ ಹೇಳಿ.