ಬೂಟಿಗೆ ಬೀಗ ಹಾಕಿದರೆ ಓದು ಬರುತ್ತಾ?

ಪ್ರಶ್ನೆ: ಅಣ್ಣಾ, ಮಗ ಪಿಯುಸಿ ಸೈನ್ಸ್, ಮೊದಲ ವರ್ಷ. ಡಾಕ್ಟರ್ ಆಗ್ತೀನಿ ಅಂತ ತಾನೇ ಹೇಳಿ ಸೇರಿದ್ದು. ಆದರೆ ಸಂಜೆ ಆದರೆ ಸಾಕು, ಫುಟ್‌ಬಾಲ್ ಅಂತ ನೆಹರು ಕ್ರೀಡಾಂಗಣಕ್ಕೆ ಓಡುತ್ತಿದ್ದ. ಟೆಸ್ಟಿನಲ್ಲಿ ಅಂಕ ಕಡಿಮೆ ಬಂತು ಅಂತ ನಾಲ್ಕು ತಿಂಗಳ ಹಿಂದೆ ಅವರಪ್ಪ ಬೂಟನ್ನು ಅಲ್ಮಾರಿಯಲ್ಲಿಟ್ಟು ಬೀಗ ಹಾಕಿದರು. ಈಗ ಆಟವೂ ಇಲ್ಲ, ಓದೂ ಇಲ್ಲ, ನಮ್ಮ ಜೊತೆ ಮಾತೂ ಇಲ್ಲ. ಎರಡನ್ನೂ ಸಂಭಾಳಿಸಿದವರು ಯಾರಾದರೂ ಇದ್ದಾರಾ?
– ಒಬ್ಬ ತಾಯಿ, ಬೀದರ್

ಉತ್ತರ: ಇದ್ದಾರೆ ತಂಗಿ. ಅವರ ಕತೆಯನ್ನು ಮಗನಿಗಿಂತ ಮೊದಲು ಅವರಪ್ಪನಿಗೆ ಓದಿ ಹೇಳಿ.

ನಾಗಾ ಬೆಟ್ಟಗಳ ಚಾಂಗ್ಕಿ ಅನ್ನುವ ಹಳ್ಳಿಯಲ್ಲಿ 1918ರಲ್ಲಿ ಹುಟ್ಟಿದವರು ತಾಲಿಮೆರೆನ್ ಆವೊ. ಜನ ಟಿ. ಆವೊ ಅಂತಾರೆ. ಅಪ್ಪ ಪಾದ್ರಿ. 1935ರಲ್ಲಿ ಟೈಫಾಯ್ಡ್ ಬಂದು ತೀರಿಕೊಂಡರು. ಮಗ ಡಾಕ್ಟರಾಗಿ ನಮ್ಮ ಜನರ ಸೇವೆ ಮಾಡಬೇಕು ಅನ್ನೋದು ಅವರ ಕೊನೆಯ ಆಸೆ. ಹುಡುಗನಿಗೆ ಆಗ ಹದಿನೇಳು, ನಿಮ್ಮ ಮಗನ ವಯಸ್ಸೇ ಅಲ್ವಾ? ಆಗಲೇ ಅವನಿಗೆ ಚೆಂಡಿನ ಹುಚ್ಚು. ಅಪ್ಪನ ಮಾತು ಉಳಿಸಬೇಕಿತ್ತು, ಆದರೆ ಅದಕ್ಕಾಗಿ ಚೆಂಡು ಬಿಡಲಿಲ್ಲ. ಗುವಾಹಟಿಯ ಕಾಟನ್ ಕಾಲೇಜಿನಲ್ಲಿ ಓದುತ್ತಲೇ ಆಡಿದ. ಆಮೇಲೆ ಕಲ್ಕತ್ತೆಯ ಕಾರ್ಮೈಕಲ್ ಮೆಡಿಕಲ್ ಕಾಲೇಜು (ಈಗ ಅದೇ ಆರ್.ಜಿ. ಕರ್ ಕಾಲೇಜು), ಜೊತೆಗೆ ಮೋಹನ್ ಬಗಾನ್ ತಂಡ, ಮುಂದೆ ಆ ತಂಡಕ್ಕೇ ಕ್ಯಾಪ್ಟನ್.

1948ರ ಲಂಡನ್ ಒಲಿಂಪಿಕ್ಸ್ ಬಂತು. ಸ್ವತಂತ್ರ ಭಾರತದ ಮೊದಲ ಫುಟ್‌ಬಾಲ್ ಕ್ಯಾಪ್ಟನ್ ಇವರೇ, ಉದ್ಘಾಟನೆಯ ದಿನ ನಮ್ಮ ಧ್ವಜ ಹಿಡಿದು ಮುಂದೆ ನಡೆದವರೂ ಇವರೇ. ಆಗಿನ್ನೂ ಎಂಬಿಬಿಎಸ್ ಮುಗಿದಿರಲಿಲ್ಲ! ಫ್ರಾನ್ಸ್ ಎದುರು ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಲ್ಲಿ ಆಡಿದರು. ಎರಡು ಪೆನಾಲ್ಟಿ ಕೈತಪ್ಪಿ 2–1ರಲ್ಲಿ ಸೋತೆವು. ಆ ಒಂದು ಗೋಲು ಹೊಡೆದದ್ದು ನಮ್ಮ ಬೆಂಗಳೂರಿನ ಸಾರಂಗಪಾಣಿ ರಾಮನ್, ಇದನ್ನು ಮಗನಿಗೆ ತಪ್ಪದೆ ಹೇಳಿ.

ಆವೊ ಅವರ ಡಿಗ್ರಿ ಮುಗಿದದ್ದು 1950ರಲ್ಲಿ. ಲೆಕ್ಕ ಹಾಕಿ, ಮೂವತ್ತೆರಡು ವರ್ಷ. ತಡವಾಯಿತು, ನಿಜ. ಆದರೆ ಮುಗಿಯಿತು. ಆಮೇಲೆ ಕಲ್ಕತ್ತೆಯ ಮೈದಾನ, ಹೆಸರು ಎಲ್ಲಾ ಬಿಟ್ಟು ತಮ್ಮ ಬೆಟ್ಟಕ್ಕೆ ಮರಳಿ ಕೊಹಿಮಾದ ಸರ್ಕಾರಿ ಆಸ್ಪತ್ರೆ ಸೇರಿದರು. ಮದುವೆಯಾದದ್ದೂ ಒಬ್ಬ ನರ್ಸನ್ನೇ, ನಾಲ್ಕು ಮಕ್ಕಳು. ಮುಂದೆ ನಾಗಾಲ್ಯಾಂಡ್ ಆರೋಗ್ಯ ಇಲಾಖೆಯ ನಿರ್ದೇಶಕರಾಗಿ 1978ರಲ್ಲಿ ನಿವೃತ್ತರಾದರು. ಆಟ ಬಿಟ್ಟದ್ದು ಅವರೇ, ತಮ್ಮ ಸಮಯ ಬಂದಾಗ. ಯಾರೂ ಬೀಗ ಹಾಕಿರಲಿಲ್ಲ.

ಕಲಬುರಗಿಯಲ್ಲಿ ಇಂಥ ಮನೆಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಬ್ಯಾಟು ಮುರಿದು ಒಲೆಗೆ ಹಾಕಿದ ಅಪ್ಪ, ಕೋಚಿಂಗ್ ಕ್ಲಾಸಿನ ಹಿಂದಿನ ಬೆಂಚಲ್ಲಿ ಕಿಟಕಿ ನೋಡುತ್ತಾ ಕೂತ ಮಗ. ಆಟ ಕಿತ್ತುಕೊಂಡ ಹೊತ್ತು ಓದಿಗೆ ಹೋಗಲ್ಲ ತಂಗಿ, ಸುಮ್ನೆ ಮುನಿಸಿಗೆ ಹೋಗುತ್ತೆ. ಓಡಾಡಿ ಬೆವರು ಹರಿಸಿ ಬಂದ ಹುಡುಗನಿಗೆ ರಾತ್ರಿ ಒಳ್ಳೆ ನಿದ್ದೆ ಬರುತ್ತೆ, ಬೆಳಿಗ್ಗೆ ಐದಕ್ಕೆ ಎದ್ದು ಓದಬಲ್ಲ.

ಅವರಪ್ಪನ ಚಿಂತೆಯೂ ತಪ್ಪಲ್ಲ. ನೀಟ್ ಪರೀಕ್ಷೆ ಸುಲಭ ಅಲ್ಲ. ಆದರೆ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿ ಇರುವುದರಿಂದ ನಮ್ಮ ಭಾಗದ ಕಾಲೇಜುಗಳಲ್ಲಿ ನಮ್ಮ ಮಕ್ಕಳಿಗೆ ಮೀಸಲು ಸೀಟು ಇವೆ, ಬೀದರಲ್ಲೇ ಸರ್ಕಾರಿ ಮೆಡಿಕಲ್ ಕಾಲೇಜಿದೆ. ಹಾಗಾಗಿ ಮೂವರೂ ಕೂತು ಹೊತ್ತು ಹಂಚಿಕೊಳ್ಳಿ. ಸಂಜೆ ಒಂದು ಗಂಟೆ ಮೈದಾನ, ಬೇಸಿಗೆಯಲ್ಲಿ ಬಿಸಿಲು ಇಳಿದ ಮೇಲೆ. ಪರೀಕ್ಷೆ ಹತ್ತಿರ ಬಂದಾಗ ಅದನ್ನು ಎಷ್ಟು ಕಡಿಮೆ ಮಾಡಬೇಕು ಅನ್ನೋದನ್ನು ಅವನೇ ಹೇಳಲಿ. ಅವರಪ್ಪ ವಾರಕ್ಕೊಮ್ಮೆ ಮೈದಾನಕ್ಕೆ ಹೋಗಿ ಅವನ ಆಟ ನೋಡಲಿ, ಮಾತು ಅಲ್ಲಿಂದಲೇ ಶುರುವಾಗಬಹುದು.

ಬೂಟನ್ನು ಅವರಪ್ಪನೇ ಕೈಯಾರೆ ಕೊಡಲಿ. ಬೆಳೆಯುವ ವಯಸ್ಸು, ನಾಲ್ಕು ತಿಂಗಳಾಗಿದೆ, ಬಿಗಿಯಾಗಿದೆಯಾ ಅಂತ ಮೊದಲು ಹಾಕಿಸಿ ನೋಡಿ.