ಖಾಸಗಿ ಹಣದಲ್ಲಿ ಶಾಲೆ: ಕಂತು ಕಟ್ಟುವವರು ಯಾರು?

ಪ್ರಶ್ನೆ: ನಮ್ಮೂರ ಸರ್ಕಾರಿ ಪ್ರೌಢಶಾಲೆಗೆ ಹೊಸ ಕಟ್ಟಡ ಬೇಕಾಗಿದೆ. ಖಾಸಗಿ ಸಹಭಾಗಿತ್ವದಲ್ಲಿ, ಅಂದರೆ ಪಿಪಿಪಿ ಮಾದರಿಯಲ್ಲಿ ಕಟ್ಟಿಸಿದರೆ ಸರ್ಕಾರಕ್ಕೆ ನಯಾಪೈಸೆಯ ಹೊರೆಯೂ ಇಲ್ಲವೆಂದು ಮುಖಂಡರೊಬ್ಬರು ಸಭೆಯಲ್ಲಿ ಹೇಳಿದರು. ನಿಜವೇ?

ಉತ್ತರ: ನಿಜವಲ್ಲ. ಇದೇ ಪ್ರಶ್ನೆ ಪದೇ ಪದೇ ಬರುತ್ತಿದೆ. ಇದೇ ಸುಳ್ಳು ವೇದಿಕೆಗಳ ಮೇಲೂ ಮೊಳಗುತ್ತಿದೆ. ಹೆದ್ದಾರಿಯಲ್ಲಾದರೆ ಟೋಲ್ ವಸೂಲಿಯಿದೆ. ಶುಲ್ಕವಿಲ್ಲದ ಶಾಲೆಯಲ್ಲಿ ಹೂಡಿದ ಹಣ ವಾಪಸು ಬರಬೇಕಾದರೆ ಸರ್ಕಾರದ ಬೊಕ್ಕಸವೇ ಗತಿ. ಕಂಪನಿ ಸಾಲ ತಂದು ಕಟ್ಟುತ್ತದೆ, ಇಪ್ಪತ್ತೈದು ಮೂವತ್ತು ವರ್ಷ ಕಟ್ಟಡವನ್ನು ನೋಡಿಕೊಳ್ಳುತ್ತದೆ. ಅಸಲು, ಬಡ್ಡಿ, ನಿರ್ವಹಣೆ, ಲಾಭ ಎಲ್ಲವೂ ಸೇರಿದ ಕಂತನ್ನು ಸರ್ಕಾರ ಅಷ್ಟೂ ವರ್ಷ ಕಟ್ಟುತ್ತದೆ. ಸರ್ಕಾರಕ್ಕೆ ಸಿಗುವಷ್ಟು ಕಡಿಮೆ ಬಡ್ಡಿಗೆ ಕಂಪನಿಗೆ ಸಾಲ ಸಿಗುವುದಿಲ್ಲವಾದ್ದರಿಂದ ಆ ವ್ಯತ್ಯಾಸವೂ ನಮ್ಮ ತಲೆಯ ಮೇಲೆಯೇ ಬೀಳುತ್ತದೆ.

ಬ್ರಿಟನ್ 1992ರಲ್ಲಿ ಈ ದಾರಿ ಹಿಡಿಯಿತು. ಅಲ್ಲಿನ ರಾಷ್ಟ್ರೀಯ ಲೆಕ್ಕಪರಿಶೋಧನಾ ಸಂಸ್ಥೆ 2018ರಲ್ಲಿ ಲೆಕ್ಕ ಹಾಕಿದಾಗ ಏಳುನೂರಕ್ಕೂ ಹೆಚ್ಚು ಒಪ್ಪಂದಗಳ ಮೇಲೆ 2040ರ ದಶಕದವರೆಗೆ ಕಟ್ಟಬೇಕಾದ ಬಾಕಿ ಸುಮಾರು 19,900 ಕೋಟಿ ಪೌಂಡ್ ಇತ್ತು. ಒಂದು ಗುಂಪಿನ ಶಾಲೆಗಳಿಗೆ, ಸರ್ಕಾರವೇ ಸಾಲ ಮಾಡಿ ಕಟ್ಟಿಸಿದ್ದರೆ ಆಗುತ್ತಿದ್ದುದಕ್ಕಿಂತ ಸುಮಾರು ಶೇ 40ರಷ್ಟು ಹೆಚ್ಚು ವೆಚ್ಚ ತಗುಲಿತ್ತು. ಲಿವರ್‌ಪೂಲ್‌ನಲ್ಲಿ ಪಾರ್ಕ್‌ಲ್ಯಾಂಡ್ಸ್ ಎಂಬ ಪ್ರೌಢಶಾಲೆ 2014ರಲ್ಲಿ ಮುಚ್ಚಿದ ಮೇಲೂ ನಗರಾಡಳಿತ ವರ್ಷಕ್ಕೆ ಸುಮಾರು 40 ಲಕ್ಷ ಪೌಂಡ್ ಕಟ್ಟುತ್ತಲೇ ಹೋಯಿತು. 2018ರ ಅಕ್ಟೋಬರ್‌ನಲ್ಲಿ ಬ್ರಿಟನ್ ಸರ್ಕಾರ ಈ ಬಗೆಯ ಹೊಸ ಒಪ್ಪಂದಗಳನ್ನು ನಿಲ್ಲಿಸಿತು.

ಹಣಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಸ್ಕಾಟ್ಲೆಂಡ್‌ನ ಎಡಿನ್‌ಬರೊ ನಗರದ ಪ್ರಕರಣ. ಅಲ್ಲಿಯೂ ಖಾಸಗಿ ಹಣದ ಒಪ್ಪಂದದಡಿ ಶಾಲೆಗಳನ್ನು ಕಟ್ಟಿಸಿದ್ದರು. 2016ರ ಜನವರಿಯಲ್ಲಿ ಬಿರುಗಾಳಿಗೆ ಆಕ್ಸ್‌ಗ್ಯಾಂಗ್ಸ್ ಪ್ರಾಥಮಿಕ ಶಾಲೆಯ ಗೋಡೆಯಿಂದ ಸುಮಾರು ಒಂಬತ್ತು ಟನ್ ಇಟ್ಟಿಗೆ ಕುಸಿಯಿತು. ಮಕ್ಕಳಿಗೆ ಏನೂ ಆಗದಿದ್ದುದು ಕೇವಲ ಅದೃಷ್ಟ. ಅಲ್ಲಿನ ಗೋಡೆಗಳು ನಡುವೆ ಪೊಳ್ಳು ಬಿಟ್ಟು ಕಟ್ಟಿದ ಜೋಡಿ ಗೋಡೆಗಳು. ಎರಡನ್ನೂ ಹಿಡಿದಿಡುವ ಲೋಹದ ಕೊಂಡಿಗಳು ಗಾರೆಯೊಳಗೆ ಸಾಕಷ್ಟು ಆಳಕ್ಕೆ ಹೋಗಿರಲಿಲ್ಲ. ಏಪ್ರಿಲ್ ಹೊತ್ತಿಗೆ ಅದೇ ಒಪ್ಪಂದದ 17 ಶಾಲೆಗಳನ್ನು ಮುಚ್ಚಬೇಕಾಯಿತು. ಖಾಸಗಿ ಹಣ ಹೂಡಿದ್ದೇ ಗೋಡೆ ಬೀಳಲು ಕಾರಣವೆಂದು ತನಿಖಾ ವರದಿ ಹೇಳಲಿಲ್ಲ; ಕೆಲಸ ನಡೆಯುವಾಗ ಸ್ವತಂತ್ರವಾಗಿ ಪರಿಶೀಲಿಸುವವರು ಇಲ್ಲದಿದ್ದುದನ್ನು ಎತ್ತಿ ತೋರಿಸಿತು. ಗೋಡೆ ಮೇಲೆದ್ದ ನಂತರ ಆ ಕೊಂಡಿ ಯಾರ ಕಣ್ಣಿಗೂ ಬೀಳದು. ಗೋಡೆ ಏಳುವಾಗಲೇ ಎದುರು ನಿಂತು ನೋಡುವ, ಕಂಪನಿಯಿಂದ ಸಂಬಳ ಪಡೆಯದ ಎಂಜಿನಿಯರ್ ಬೇಕು.

ಆದ್ದರಿಂದ ಮುಂದಿನ ಸಭೆಯಲ್ಲಿ ನಿಮ್ಮ ಮುಖಂಡರನ್ನು ಕೇಳಿ: ವಾರ್ಷಿಕ ಕಂತು ಎಷ್ಟು, ಅದು ಯಾವ ಇಲಾಖೆಯ ಬಜೆಟ್‌ನಿಂದ ಬರುತ್ತದೆ, ಮಕ್ಕಳ ಸಂಖ್ಯೆ ಇಳಿದರೆ ಕಂತೂ ಇಳಿಯುತ್ತದೆಯೇ, ಸ್ಥಳದಲ್ಲಿ ಉಸ್ತುವಾರಿ ಯಾರದು? ಉತ್ತರ ಲಿಖಿತವಾಗಿ ಬರುವವರೆಗೆ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಠರಾವಿಗೆ ಸಹಿ ಹಾಕಬೇಡಿ. ನಾನು ಅತಿಯಾಗಿ ಹೆದರುತ್ತೇನೆಂದು ಕೆಲವರು ಹೇಳುತ್ತಾರೆ. ಮಕ್ಕಳು ಕೂರುವ ಕಟ್ಟಡದ ವಿಷಯದಲ್ಲಿ ಆ ಹೆದರಿಕೆ ಇರಲೇಬೇಕು.

ಪ್ರಶ್ನೆ: ದಾನಿಗಳು ಎರಡು ಕೊಠಡಿ ಕಟ್ಟಿಸಿಕೊಟ್ಟರೆ ಅದೂ ಪಿಪಿಪಿ ತಾನೇ?

ಉತ್ತರ: ಅಲ್ಲ, ಅದು ದಾನ, ಅದಕ್ಕೆ ಕಂತಿಲ್ಲ.

ಪ್ರಶ್ನೆ: ಆದಾಯದಿಂದಷ್ಟೇ ಗಿಟ್ಟದ ಪಿಪಿಪಿ ಕಾಮಗಾರಿಗಳ ಕೊರತೆ ತುಂಬಲು ಅನುದಾನ ಕೊಡುವ ಕೇಂದ್ರದ ವಿಜಿಎಫ್ (ವಯಬಿಲಿಟಿ ಗ್ಯಾಪ್ ಫಂಡಿಂಗ್) ಯೋಜನೆಯಲ್ಲಿ ನಮ್ಮ ಟ್ರಸ್ಟ್‌ನ ಶಾಲೆಗೆ ಶೇ 80ರಷ್ಟು ಅನುದಾನ ಕೊಡಿಸುವುದಾಗಿ ಸಲಹೆಗಾರರೊಬ್ಬರು ಮುಂಗಡ ಕೇಳುತ್ತಿದ್ದಾರೆ. ಕೊಡಬಹುದೇ?

ಉತ್ತರ: ಖಂಡಿತ ಕೊಡಬೇಡಿ. 2020ರಲ್ಲಿ ಪರಿಷ್ಕರಿಸಿದ ಆ ಯೋಜನೆಯಲ್ಲಿ ಶಿಕ್ಷಣ ಮತ್ತು ಆರೋಗ್ಯದ ಪ್ರಾಯೋಗಿಕ ಯೋಜನೆಗಳಿಗೆ ಕೇಂದ್ರ, ರಾಜ್ಯ ಎರಡೂ ಸೇರಿ ಬಂಡವಾಳ ವೆಚ್ಚದ ಶೇ 80ರವರೆಗೆ ಕೊಡಲು ಅವಕಾಶವಿದ್ದುದು ನಿಜ. ಆದರೆ ಯೋಜನೆಯನ್ನು ರೂಪಿಸಿ ಮುಕ್ತ ಟೆಂಡರ್ ಕರೆಯಬೇಕಾದದ್ದು ಸರ್ಕಾರಿ ಪ್ರಾಧಿಕಾರ. ನಡೆಸುವ ಖರ್ಚಿನಲ್ಲಿ ಕನಿಷ್ಠ ಅರ್ಧದಷ್ಟನ್ನಾದರೂ ಯೋಜನೆಯ ಆದಾಯವೇ ಭರಿಸಬೇಕೆಂಬ ಷರತ್ತೂ ಅದರಲ್ಲಿತ್ತು. ಟ್ರಸ್ಟ್‌ನ ಲೆಟರ್‌ಹೆಡ್‌ನಲ್ಲಿ ಅರ್ಜಿ ಬರೆದು ಕಮಿಷನ್ ಕೊಟ್ಟರೆ ಮಂಜೂರಾಗುವ ಹಣ ಅದಲ್ಲ. ಈಗಾಗಲೇ ಮುಂಗಡ ಕೊಟ್ಟಿದ್ದರೆ ರಸೀದಿ, ಮೊಬೈಲ್ ಸಂದೇಶಗಳನ್ನು ಜೋಪಾನವಾಗಿಟ್ಟುಕೊಂಡು ಠಾಣೆಗೆ ದೂರು ಕೊಡಿ.